ಆರು ಬೆರಳಿನ ಇಟ್ಟಿಗೆ

ನಮ್ಮೂರಿನ ಶಾಲೆಯ ಗೋಡೆಯಲ್ಲಿ ಕೈಗಳಿದ್ದವು. ಎಷ್ಟು ಎಂದು ಎಣಿಸಿ ಮುಗಿಸಿದವರಿಲ್ಲ. ಎಣಿಸಲು ಹೊರಟ ಮಕ್ಕಳು ಎರಡನೆಯ ಕಿಟಕಿ ಮುಟ್ಟುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಎಲ್ಲವೂ ಬಲಗೈ, ಎಲ್ಲವೂ ಆರು ವರ್ಷದ ಮಕ್ಕಳ ಕೈ, ಎಲ್ಲವೂ ಅಂಗೈ ತೋರಿಸಿಕೊಂಡೇ ಇರುತ್ತಿದ್ದವು. ಹೊರಗಿನಿಂದ ಬಂದವರು ಎಷ್ಟು ಚೆಂದ ಎನ್ನುತ್ತಿದ್ದರು. ನಮ್ಮೂರಿನವರು ಯಾರೂ ಹಾಗೆನ್ನುತ್ತಿರಲಿಲ್ಲ.

ನೇಮ ಹೀಗಿತ್ತು. ಮಗುವಿಗೆ ಆರು ತುಂಬಿದ ದಿನ ತಾಯಿ ತನ್ನ ಬೀದಿಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಶಾಲೆಗೆ ತರಬೇಕು. ಮೇಷ್ಟ್ರು ಮರದ ಅಚ್ಚು ಕೊಡುತ್ತಾರೆ. ಮಗು ನೀರು ಹೊಯ್ಯುತ್ತದೆ, ತಾಯಿ ಮಣ್ಣು ತುಳಿಯುತ್ತಾಳೆ. ಅಚ್ಚು ತೆಗೆದ ಮೇಲೆ ಮಗು ಹಸಿ ಇಟ್ಟಿಗೆಯ ಮೇಲೆ ಬಲಗೈ ಊರುತ್ತದೆ. ಗೂಡಿನಲ್ಲಿ ಸುಟ್ಟ ಮೇಲೆ ಆ ಇಟ್ಟಿಗೆ ಶಾಲೆಯ ಅಟ್ಟ ಸೇರುತ್ತದೆ. ಹತ್ತು ವರ್ಷ ಅದು ಅಲ್ಲಿ, ಮಗು ಇಲ್ಲಿ. ಹತ್ತನೆಯ ವರ್ಷ ಪರೀಕ್ಷೆ. ಪಾಸಾದವರ ತಲೆಯ ಮೇಲೆ ಮೇಷ್ಟ್ರು ಅವರವರ ಇಟ್ಟಿಗೆ ಇಟ್ಟು ಮನೆಗೆ ಕಳಿಸುತ್ತಾರೆ. ಅದು ಬಾಗಿಲ ಮುಂದೆ ಮೆಟ್ಟಿಲಾಗುತ್ತದೆ. ಫೇಲಾದವರ ಇಟ್ಟಿಗೆ ಶಾಲೆಯ ಗೋಡೆಗೆ ಹೋಗುತ್ತದೆ. ಅಂಗೈ ಹೊರಗೆ ಕಾಣಬೇಕು, ಮುಚ್ಚುವಂತಿಲ್ಲ.

ಮೇಲಿನ ಬೀದಿಯ ಮಣ್ಣು ಸುಟ್ಟರೆ ಕೆಂಪಾಗುತ್ತದೆ. ಕೆಳಗಿನ ಬೀದಿಯದು ಕೆರೆಯಂಚಿನ ಮಣ್ಣು, ಸುಟ್ಟರೆ ಬೂದು. ಶಾಲೆಯ ಗೋಡೆ ಉದ್ದಕ್ಕೂ ಬೂದು ಬಣ್ಣದ್ದು. ಇನ್ನು ಹೇಳಬೇಕಾದ್ದೇನಿದೆ? ಮೇಲಿನ ಬೀದಿಯಲ್ಲಿ ಮೆಟ್ಟಿಲುಗಳು ಬೆಳೆದವು. ಊರ ಯಜಮಾನರ ಮನೆಗಂತೂ ಹದಿನಾಲ್ಕು ಮೆಟ್ಟಿಲು. ಅವರ ತಾಯಿ ಸೊಸೆಯಾಗಿ ಬಂದಾಗ ಹತ್ತಿದವರು ಮತ್ತೆ ಇಳಿದದ್ದೇ ಇಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಕೆಳಗಿನ ಬೀದಿಯ ಮನೆಗಳಿಗೆ, ಎಲ್ಲೋ ಒಂದೆರಡು ಬಿಟ್ಟು, ಮೆಟ್ಟಿಲಿರಲಿಲ್ಲ. ಹೊಸ್ತಿಲು ನೆಲಕ್ಕೆ ಸಮ. ಮಳೆ ಬಂದರೆ ಬೀದಿಯ ನೀರು ನೆಂಟರ ಹಾಗೆ ನೇರ ಒಳಗೆ ಬಂದು ಒಲೆಯವರೆಗೂ ಹೋಗುತ್ತಿತ್ತು.

ಇದು ನಮ್ಮ ಊರೊಂದರ ಮಾತಲ್ಲ. ನಾಡಿನ ಊರೂರಲ್ಲೂ ಇಂಥದೇ ಶಾಲೆ, ಇದೇ ಅಚ್ಚು. ವರ್ಷಕ್ಕೊಮ್ಮೆ ರಾಜಧಾನಿಯಿಂದ ಉದ್ದನೆಯ ಕೋಲು ಹಿಡಿದು ಅಳತೆಯವರು ಬರುತ್ತಿದ್ದರು. ನಾಡಿನಲ್ಲಿ ವಿದ್ಯೆ ಎಷ್ಟಾಯಿತು ಎಂದು ಅಲ್ಲಿ ಯಾರಾದರೂ ಕೇಳಿದರೆ ಎಲ್ಲ ಶಾಲೆಗಳ ಗೋಡೆಯ ಎತ್ತರ ಕೂಡಿಸಿ ಹೇಳುತ್ತಿದ್ದರಂತೆ. ಆದ್ದರಿಂದ ಗೋಡೆ ಏರಲೇಬೇಕು. ಪರೀಕ್ಷೆಗೆ ತಿಂಗಳಿರುವಾಗಲೇ ಮೇಷ್ಟ್ರಿಗೆ ಒಂದು ಚೀಟಿ ಬರುತ್ತಿತ್ತು, ಈ ಸಲ ಇಷ್ಟು ಇಟ್ಟಿಗೆ ಎಂದು. ಮೇಷ್ಟ್ರು ಮೊದಲು ಚೀಟಿ ಓದುತ್ತಿದ್ದರು, ಆಮೇಲೆ ನಮ್ಮ ಉತ್ತರ ಓದುತ್ತಿದ್ದರು. ಒಳ್ಳೆಯ ಮನುಷ್ಯ ಅವರು. ಚೀಟಿ ಬಂದ ದಿನ ಊಟ ಮಾಡುತ್ತಿರಲಿಲ್ಲ ಎಂದು ಅವರ ಹೆಂಡತಿಯೇ ಹೇಳಿದ್ದುಂಟು. ಗೋಡೆ ಏರುತ್ತ ಹೋಯಿತು, ಕೋಣೆ ಮಾತ್ರ ಒಂದೇ ಉಳಿಯಿತು. ಎಷ್ಟು ಎತ್ತರವೆಂದರೆ ನಡು ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿನಲ್ಲಿ ಒಳಗೆ ಅಕ್ಷರ ಕಾಣುತ್ತಿರಲಿಲ್ಲ.

ಆ ಗೋಡೆಗೆ ವರ್ಷವರ್ಷವೂ ಮಣ್ಣು ಮೆತ್ತುವವಳು ಒಬ್ಬಳಿದ್ದಳು. ಕೆಳಗಿನ ಬೀದಿಯವಳು. ಮಣ್ಣು, ಸಗಣಿ, ಹೊಟ್ಟು ಕಲೆಸಿ, ಒಂದೊಂದು ಅಂಗೈಯ ಸುತ್ತಲೂ ಬೆರಳಲ್ಲಿ ಒತ್ತಿ ಒತ್ತಿ ಮೆತ್ತುತ್ತಿದ್ದಳು. ಒಂದು ಅಂಗೈಯನ್ನೂ ಮುಚ್ಚುತ್ತಿರಲಿಲ್ಲ. ಗೋಡೆಯಲ್ಲಿ ಅವಳ ಅಜ್ಜಿಯ ಕೈ ಇತ್ತು, ತಾಯಿಯ ಕೈ ಇತ್ತು, ಮೂಲೆಯಲ್ಲಿ ಅವಳದೂ ಇತ್ತು. ತಾಯಿಯ ಕೈ ಬಂದಾಗ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು. ತನ್ನದು ಬಂದಾಗ ಬೇಗ ಬೇಗ ಮೆತ್ತಿ ಮುಂದೆ ಹೋಗುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ಅವಳಿಗಿದ್ದ ಆಸೆಯೂ ಒಂದೇ: ಬಾಗಿಲ ಮುಂದೆ ಒಂದು ಇಟ್ಟಿಗೆ. ಒಂದೇ ಒಂದು. ಒಂದು ಇಟ್ಟಿಗೆಯ ಎತ್ತರ ಸಿಕ್ಕರೆ ಸಣ್ಣ ಮಳೆಯ ನೀರು ಹೊರಗೇ ತಿರುಗಿ ಹೋಗುತ್ತದೆ ಎಂದು ಅವಳು ಕಡ್ಡಿ ಇಟ್ಟು ಅಳೆದು ನೋಡಿದ್ದಳು.

ಮಗಳು ಪರೀಕ್ಷೆಗೆ ಕೂತ ವರ್ಷ ಕೆಳಗಿನ ಬೀದಿಯಿಂದ ನಾವು ಎಂಟು ಮಂದಿ. ಹೌದು, ನಾನೂ ಅದರಲ್ಲೊಬ್ಬಳು. ಚೀಟಿಯಲ್ಲಿ ಬಂದದ್ದು ಏಳು. ಎಂಟರಲ್ಲಿ ಏಳು ಹೋದರೆ ಉಳಿಯುವುದು ಎಷ್ಟೆಂದು ಲೆಕ್ಕ ಕಲಿತ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಹತ್ತು ದಿನ ಇತ್ತು. ಅಷ್ಟರಲ್ಲಿ ಒಂದು ಸಂಜೆ ಅಡ್ಡಮಳೆ ಹಿಡಿದು ಜಪ್ಪಿತು. ಶಾಲೆಯ ಮುಂದೆ, ಗೋಡೆಗೆ ಒತ್ತಿಕೊಂಡು, ಒಂದು ಜಗಲಿ ಇತ್ತು. ಗೋಡೆ ಏರಿಸುವ ದಿನ ಮೇಲಿನ ಬೀದಿಯ ಹಿರಿಯರು ಸಾಲಾಗಿ ಕೂರುತ್ತಿದ್ದದ್ದು ಅದರ ಮೇಲೆಯೇ. ಯಾವ ಕಾಲದ್ದೋ ಏನೋ, ಆ ಮಳೆಗೆ ಜಗಲಿ ಕುಸಿದುಬಿತ್ತು.

ಬೆಳಗ್ಗೆ ಮೊದಲು ಬಂದವಳು ಮಣ್ಣು ಮೆತ್ತುವವಳು. ಜಗಲಿಯ ಮಣ್ಣು ಸರಿಸಿದಳು. ಅದರ ಹಿಂದೆ ಗೋಡೆಯ ತೀರಾ ಕೆಳಗಿನ ಸಾಲು ಕಂಡಿತು. ಯಾರೂ ನೋಡಿರದ ಸಾಲು. ಅಲ್ಲಿ ಒಂದು ಇಟ್ಟಿಗೆ ಕೆಂಪು, ಒಂದು ಬೂದು, ಮತ್ತೆ ಎರಡು ಕೆಂಪು, ಮತ್ತೆ ಬೂದು. ಕೊನೆಯದಕ್ಕೆ ಕೆಸರು ಮೆತ್ತಿಕೊಂಡಿತ್ತು, ಉಳಿದೆಲ್ಲದರ ಮೇಲೂ ಕೈ. ಒಂದು ಕೆಂಪು ಇಟ್ಟಿಗೆಯ ಮೇಲಿನ ಕೈಗೆ ಆರು ಬೆರಳು.

ನಮ್ಮೂರಿನಲ್ಲಿ ಆರು ಬೆರಳಿನ ಮನೆತನ ಒಂದೇ. ಯಜಮಾನರದು. ತಲೆತಲಾಂತರದಿಂದ ಆ ಮನೆಯ ಗಂಡುಮಕ್ಕಳಿಗೆ ಬಲಗೈಯಲ್ಲಿ ಹೆಬ್ಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳು. ಆ ಕೈ ಎತ್ತಿ ಅವರು ಹೇಳುತ್ತಿದ್ದ ಮಾತೂ ಒಂದೇ: ನಮ್ಮ ಮನೆಯ ಒಂದು ಇಟ್ಟಿಗೆಯೂ ಈ ಗೋಡೆಗೆ ಹೋಗಿಲ್ಲ.

ಅವಳು ಅಲ್ಲೇ ನಿಂತಿರುವಾಗ ಜಗಲಿ ಏನಾಯಿತೋ ನೋಡೋಣ ಎಂದು ಯಜಮಾನರೇ ಬಂದರು. ನೋಡಿದರು. ಆರನೆಯ ಬೆರಳು ಕಂಡ ಮೇಲೆ ಅವರ ಕಣ್ಣಿಗೆ ಆ ಸಾಲಿನಲ್ಲಿ ಬೇರೇನೂ ಕಾಣಲಿಲ್ಲ. ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಬೇರೆ ಯಾರಾದ್ರೂ ನೋಡಿದ್ರೇನಮ್ಮ?"

"ಇಲ್ಲ ಯಜಮಾನ್ರೇ. ನಾನೇ ಮೊದ್ಲು ಬಂದಿದ್ದು."

"ಮೆತ್ತಿಬಿಡು."

"ಅಂಗೈ ಮುಚ್ಚಬಾರ್ದು ಅಂತ ನೇಮ ಇದೆಯಲ್ಲ."

"ನೇಮ ನಂಗೆ ಹೇಳ್ಕೊಡ್ಬೇಡ," ಎಂದು ಗದರಿದರು. ಆಮೇಲೆ ದನಿ ಇಳಿಯಿತು. "ನಮ್ಮನೇಲೂ ಒಬ್ಬ ಫೇಲಾಗಿದ್ದ ಅಂತ ಊರಿಗೆ ಗೊತ್ತಾದ್ರೆ ನಾನು ಆ ಮೆಟ್ಲು ಹತ್ತೋದು ಹೆಂಗೆ, ನೀನೇ ಹೇಳು."

ಅಷ್ಟು ದೊಡ್ಡ ಮನುಷ್ಯ ಕೆಸರಲ್ಲಿ ಕೂತದ್ದನ್ನು ಕಂಡು ಅವಳಿಗೆ ಅಯ್ಯೋ ಅನಿಸಿತಂತೆ.

"ನಿನ್ನ ಮಗಳೂ ಈ ಸಲ ಕೂತಿದ್ಳಲ್ವಾ?"

"ಹೂಂ."

"ಅವಳ ಇಟ್ಟಿಗೆ ನಿಮ್ಮನೆಗೆ ಬರುತ್ತೆ. ಮೇಷ್ಟ್ರಿಗೆ ನಾನು ಹೇಳ್ತೀನಿ. ನೀನು ಮೆತ್ತು."

ಅವಳು ಮೆತ್ತಿದಳು. ಹೊಟ್ಟು ಹಾಕಿ, ಸಗಣಿ ಹಾಕಿ, ಇಡೀ ಸಾಲನ್ನೇ ಮುಚ್ಚಿದಳು. ಕೆಂಪೂ ಹೋಯಿತು, ಬೂದುವೂ ಹೋಯಿತು. ಹೊತ್ತು ಏರುವಷ್ಟರಲ್ಲಿ ಗೋಡೆ ಏನೂ ಗೊತ್ತಿಲ್ಲದಂತೆ ನಿಂತಿತ್ತು. ನಾನಾಗಿದ್ದರೆ ಮೆತ್ತುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಒಲೆಯವರೆಗೆ ನೀರು ಬರುವ ಮನೆಯಲ್ಲಿ ನಾನೂ ಹುಟ್ಟಿದವಳು.

ಫಲಿತಾಂಶದ ದಿನ ಕೆಳಗಿನ ಬೀದಿಯ ತಾಯಂದಿರೆಲ್ಲ ಒಂದು ಕೆಲಸ ಮಾಡುತ್ತಿದ್ದರು. ಹಳೆಯ ಸೀರೆ ಹರಿದು ಮಕ್ಕಳಿಗೆ ಸಿಂಬೆ ಸುತ್ತಿ ಕೊಡುತ್ತಿದ್ದರು, ತಲೆಯ ಮೇಲೆ ಇಟ್ಟಿಗೆ ಹೊರಲು. ಹೊರುವುದು ಯಾವತ್ತೋ ಒಬ್ಬರು. ಸಿಂಬೆ ಮಾತ್ರ ಎಲ್ಲರಿಗೂ. ಆ ದಿನ ನಾವು ಎಂಟು ಮಂದಿ ಎಂಟು ಸಿಂಬೆ ಹಿಡಿದು ಶಾಲೆಯ ಅಂಗಳದಲ್ಲಿ ನಿಂತೆವು. ಮೇಲಿನ ಬೀದಿಯವರ ಇಟ್ಟಿಗೆಗಳು ಒಂದೊಂದಾಗಿ ಇಳಿದವು. ಕೊನೆಗೆ ಮೇಷ್ಟ್ರು ಅಟ್ಟದ ಮೇಲಿನಿಂದ ಒಂದು ಬೂದು ಇಟ್ಟಿಗೆ ತಂದರು. ನಾನು ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡೆ. ಮೇಷ್ಟ್ರು ನನ್ನನ್ನು ದಾಟಿ ಹೋಗಿ ಮಣ್ಣು ಮೆತ್ತುವವಳ ಮಗಳ ತಲೆಯ ಮೇಲೆ ಅದನ್ನಿಟ್ಟರು. ನನ್ನ ಮುಖ ನೋಡಲಿಲ್ಲ.

ನಾನು ಅತ್ತೆ. ಅಲ್ಲೇ, ಎಲ್ಲರ ಮುಂದೆ, ಸಿಂಬೆ ತಲೆಯ ಮೇಲಿದ್ದ ಹಾಗೇ. ಈಗಲೂ ನೆನೆದರೆ ನಾಚಿಕೆಯಾಗುವುದಿಲ್ಲ.

ಮಣ್ಣು ಮೆತ್ತುವವಳು ಮಗಳ ಇಟ್ಟಿಗೆಯನ್ನು ಬಾಗಿಲ ಮುಂದೆ ಕೂರಿಸಿದಳು. ಅರಿಸಿನ ಹಚ್ಚಿದಳು. ಬೀದಿಯ ಹೆಂಗಸರು ಬಂದು ನೋಡಿ ಹೋದರು. ನನ್ನ ಅವ್ವನೂ ಹೋಗಿ ನೋಡಿ, ಚೆನ್ನಾಗಿ ಕೂತಿದೆ ಎಂದು ಹೇಳಿ ಬಂದಳು. ಆದರೆ ಮಗಳು ಅದರ ಮೇಲೆ ಕಾಲಿಡಲಿಲ್ಲ. ಒಳಗೆ ಹೋಗುವಾಗ ಹಾರುತ್ತಿದ್ದಳು, ಹೊರಗೆ ಬರುವಾಗ ಹಾರುತ್ತಿದ್ದಳು. ನೀರು ತರುವಾಗ ಕೊಡ ತುಳುಕಿದರೂ ಹಾರುತ್ತಿದ್ದಳು. ಹೀಗೆ ಎಂಟು ದಿನ.

ಎಂಟನೆಯ ದಿನ ತಾಯಿಗೆ ತಡೆಯಲಿಲ್ಲ. "ಯಾಕೇ ಹಂಗೆ ಹಾರ್ತೀಯ? ಕಾಲಿಡು. ಅದು ಇರೋದೇ ಅದಕ್ಕೆ."

"ಅವ್ವಾ, ಚೀಟೀಲಿ ಏಳು ಅಂತ ಇತ್ತು. ನಂದು ಮನೆಗೆ ಬಂತು. ನನ್ನ ಜಾಗಕ್ಕೆ ಯಾರ್ದು ಹೋಯ್ತು?"

"ಅದೆಲ್ಲ ನಿಂಗ್ಯಾಕೆ? ನೀನು ಚೆನ್ನಾಗಿ ಬರ್ದಿದ್ದೆ, ಬಂತು."

"ನಾನು ಹನ್ನೆರಡ್ರಲ್ಲಿ ಒಂಬತ್ತು ಬರ್ದಿದ್ದೆ. ಪಕ್ಕದ ಮನೆಯೋಳು ಹನ್ನೆರಡೂ ಬರ್ದಿದ್ಳು. ಪರೀಕ್ಷೆ ಮುಗಿದ್ಮೇಲೆ ಇಬ್ರೂ ಕೂತ್ಕೊಂಡು ತಾಳೆ ನೋಡಿದ್ವಿ. ಯಾರ್ದಾದ್ರೂ ಬಂದ್ರೆ ಅವಳ್ದೇ ಬರ್ಬೇಕಿತ್ತು."

ತಾಯಿ ಪಕ್ಕದ ಮನೆಯ ಕಡೆ ನೋಡಿದಳು. ಆ ಪಕ್ಕದ ಮನೆ ನಮ್ಮದು. ನಮ್ಮ ಬಾಗಿಲ ಮುಂದೆ, ಮೆಟ್ಟಿಲು ಬರಲಿ ಎಂದು ನನ್ನ ಅವ್ವ ಮೊದಲೇ ಕೆತ್ತಿ ಸಮ ಮಾಡಿದ ಜಾಗ ಖಾಲಿ ಇತ್ತು.

ಒಂಬತ್ತನೆಯ ದಿನ ಗೋಡೆ ಏರಿಸುವ ದಿನ. ಊರೆಲ್ಲ ಸೇರಿತ್ತು. ಜಗಲಿ ಬಿದ್ದದ್ದರಿಂದ ಹಿರಿಯರಿಗೆ ಚಾಪೆ ಹಾಸಿದ್ದರು. ನಡುವೆ ಯಜಮಾನರು, ಅವರ ಬೆನ್ನ ಹಿಂದೆ ಮೆತ್ತಿದ ಸಾಲು. ಏಳು ಇಟ್ಟಿಗೆಗಳು ಅಂಗಳದಲ್ಲಿ ಕಾದಿದ್ದವು. ಏಳನೆಯದು ನನ್ನದು. ಅಳತೆಯವರು ಕೋಲು ನಿಲ್ಲಿಸಿ, ಕಾಗದ ಬಿಡಿಸಿ, "ಆಗಬಹುದು" ಎಂದರು.

ಮಣ್ಣು ಮೆತ್ತುವವಳು ಕೊಡ ಹೊತ್ತು ಬಂದಳು. ಗಾರೆ ಕಲೆಸಲು ನೀರು ತಂದಳೆಂದು ಎಲ್ಲರೂ ದಾರಿ ಬಿಟ್ಟರು. ಅವಳು ಚಾಪೆಯ ಹತ್ತಿರ ಹೋಗಿ, "ಸ್ವಲ್ಪ ಏಳಿ ಯಜಮಾನ್ರೇ, ನೆನೀತೀರ," ಎಂದಳು. ಅವರು ಏನು ಎತ್ತ ಎಂದು ಏಳುವಷ್ಟರಲ್ಲಿ ಕೊಡದ ನೀರನ್ನು ಗೋಡೆಯ ಬುಡಕ್ಕೆ ಎರಚಿದಳು. ಅಂಗೈಯಿಂದ ಉಜ್ಜಿದಳು. ಮಣ್ಣು ಕರಗಿ ಇಳಿಯಿತು.

"ಏನು ಮಾಡ್ತಿದೀಯ ನೀನು!"

"ಮೆತ್ತಿದ್ದು ನಾನೇ. ತೊಳೀತಿರೋದೂ ನಾನೇ. ನಿಮ್ಮ ಮಾತು ನೀವು ಉಳಿಸ್ಕೊಂಡ್ರಿ ಯಜಮಾನ್ರೇ, ನಿಮ್ಮದೇನೂ ತಪ್ಪಿಲ್ಲ. ನನ್ ಕೈಲಿ ಆಗ್ತಿಲ್ಲ."

ಒಂದು ಕೊಡ ಸಾಲಲಿಲ್ಲ. ಮಗಳು ಇನ್ನೊಂದು ತಂದಳು. ಮೂರನೆಯದನ್ನು ನಾನೇ ಓಡಿ ತಂದೆ. ಏನು ನಡೆಯುತ್ತಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ, ತೊಳೆಯುವವಳಿಗೆ ನೀರು ಬೇಕಿತ್ತು ಎಂಬುದಷ್ಟೇ ಗೊತ್ತಿತ್ತು. ಕೆಂಪು, ಬೂದು, ಕೆಂಪು, ಕೆಂಪು, ಬೂದು. ಕೈ, ಕೈ, ಕೈ. ಆರು ಬೆರಳು ಕಂಡಾಗ ಅಂಗಳದವರ ಕಣ್ಣೆಲ್ಲ ಒಂದೇ ಕೈಯ ಕಡೆ ತಿರುಗಿದವು. ಯಜಮಾನರು ಬಲಗೈಯನ್ನು ಶಲ್ಯದೊಳಗೆ ಎಳೆದುಕೊಂಡರು.

ಆಗ ಮಗಳು ಮಂಡಿಯೂರಿ ಕೂತಳು. ಆ ಸಾಲಿನ ಕೊನೆಯ ಇಟ್ಟಿಗೆಯಲ್ಲಿ ಕೈ ಇರಲಿಲ್ಲ, ಕಡ್ಡಿಯಲ್ಲಿ ಗೀಚಿದ ಅಕ್ಷರಗಳಿದ್ದವು. ಹಳೆಯ ಕಾಲದ ಅಕ್ಷರ. ಅವಳು ಬೆರಳಿಟ್ಟು ನಿಧಾನವಾಗಿ ಕೂಡಿಸಿ ಓದಿದಳು. ಹತ್ತು ವರ್ಷ ಕಲಿತದ್ದು ಅವಳಿಗೆ ಕೆಲಸಕ್ಕೆ ಬಂದದ್ದು ಅದೇ ಮೊದಲು.

"ಊರಿನ ಮಕ್ಕಳೆಲ್ಲರ ಕೈ. ಯಾರನ್ನೂ ಬಿಟ್ಟಿಲ್ಲ. ಇವತ್ತಿನಿಂದ ಶಾಲೆ."

ಅಷ್ಟೇ ಇದ್ದದ್ದು. ಮೇಷ್ಟ್ರು ಬಂದು ಬಗ್ಗಿ ಓದಿದರು. ಇನ್ನೊಮ್ಮೆ ಓದಿದರು.

"ಮೇಷ್ಟ್ರೇ," ಎಂದರು ಯಜಮಾನರು. ಅವರ ದನಿ ಯಾರಿಗೂ ಸರಿಯಾಗಿ ಕೇಳುವಂತಿರಲಿಲ್ಲ. "ನಮ್ಮ ಹಿರಿಯ ಫೇಲಾಗಿದ್ನಾ?"

"ಇಲ್ಲ ಯಜಮಾನ್ರೇ. ಆಗ ಶಾಲೇನೇ ಇರ್ಲಿಲ್ಲ. ಫೇಲಾಗೋದಾದ್ರೂ ಎಲ್ಲಿ? ಕಟ್ಟೋಕೆ ಅಂತ ಕೊಟ್ಟಿದ್ದು ಇದು."

"ಕೊಟ್ಟಿದ್ದಾ?"

"ಎಲ್ರೂ ಕೊಟ್ಟಿದ್ದಾರೆ."

ಊರಿಗೆ ಶಾಲೆ ಕಟ್ಟಿಕೊಟ್ಟ ಕೈ ಅದು. ಅದನ್ನೇ ಅವಮಾನವೆಂದುಕೊಂಡು ಯಜಮಾನರು ಮಣ್ಣಲ್ಲಿ ಮುಚ್ಚಿಸಿದ್ದರು. ಬಯ್ಯಲು ನನಗೆ ಆಗಲೂ ಮನಸ್ಸು ಬರಲಿಲ್ಲ. ಆ ಗೋಡೆಯಲ್ಲಿ ಕೈ ಕಂಡರೆ ಫೇಲು ಎಂದೇ ನಾವೆಲ್ಲ ಹುಟ್ಟಿದಾಗಿನಿಂದ ಓದಿಕೊಂಡವರು. ಶಲ್ಯದೊಳಗಿನ ಕೈ ಹೊರಗೆ ಬಂತು. ಬಗ್ಗಿ, ಆ ಪುಟ್ಟ ಕೈಯ ಮೇಲೆ ಅದನ್ನಿಟ್ಟು ನೋಡಿದರು. ಮಗುವಿನ ಕೈ, ಮುದುಕನ ಕೈಗೆ ಸಾಲಲಿಲ್ಲ. ಆರನೆಯ ಬೆರಳಿನ ಜಾಗ ಮಾತ್ರ ಸರಿಯಾಗಿ ಅದೇ ಕಡೆ ಇತ್ತು. ಅವರು ಎದ್ದು ಮೇಲಿನ ಬೀದಿಗೆ ಹೋದರು.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಹಾರೆಯ ಸದ್ದು ಕೇಳಿಸಿತು. ಅಳತೆಯವರು ಗಾಬರಿಯಾದರು. ಯಜಮಾನರು ತಮ್ಮ ಇಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಬಂದರು. ಹದಿನಾಲ್ಕು ಮೆಟ್ಟಿಲಲ್ಲಿ ಯಾವುದು ತಮ್ಮದೆಂದು ಹುಡುಕಲು ಮೂರು ಮೆಟ್ಟಿಲು ಕಿತ್ತರಂತೆ. ಅದನ್ನು ತಂದು ನಮ್ಮ ಏಳರ ಪಕ್ಕ ಇಟ್ಟರು. ಮಣ್ಣು ಮೆತ್ತುವವಳ ಮಗಳು ಓಡಿಹೋಗಿ ತನ್ನದನ್ನು ತಂದಳು. ಅರಿಸಿನ ಇನ್ನೂ ಹಾಗೇ ಇತ್ತು.

"ನನಗೆ ಬೇಕಾಗಿರೋದು ಏಳು," ಎಂದರು ಅಳತೆಯವರು. "ಕಾಗದದಲ್ಲಿ ಏಳಕ್ಕಷ್ಟೇ ಜಾಗ ಇದೆ."

"ಹಾಗಾದ್ರೆ ಏಳು ಅಂತ ಬರ್ಕೊಳ್ಳಿ," ಎಂದರು ಮೇಷ್ಟ್ರು. ಅವರು ಏಳು ಎಂದೇ ಬರೆದುಕೊಂಡು ಹೋದರು.

ಅವರು ಹೋದ ಮೇಲೆ ಮೇಷ್ಟ್ರು ನನ್ನ ಇಟ್ಟಿಗೆ ಎತ್ತಿಕೊಂಡು ನನ್ನ ಮುಂದೆ ನಿಂತರು. ಆ ದಿನ ನನ್ನ ಮುಖ ನೋಡದಿದ್ದವರು ಈಗ ನೋಡಿದರು. ಕಣ್ಣು ಕೆಂಪಾಗಿತ್ತು. "ಇದು ನಿಂದಮ್ಮ. ಒಂಬತ್ತು ದಿನದ ಹಿಂದೇನೇ ನಿಂದಾಗಬೇಕಿತ್ತು. ಮನೆಗೆ ತಗೊಂಡು ಹೋಗು."

ಸಿಂಬೆ ನನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದೆ, ಯಾಕೋ ಬಿಸಾಡಿರಲಿಲ್ಲ. ತಲೆಯ ಮೇಲಿಟ್ಟುಕೊಂಡೆ. ಅವರು ಇಟ್ಟಿಗೆ ಇಟ್ಟರು. ಒಂದು ಇಟ್ಟಿಗೆ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಳಗಿನ ಬೀದಿಗೆ ನಡೆದು, ಅವ್ವ ಸಮ ಮಾಡಿದ ಜಾಗದಲ್ಲಿ ಅದನ್ನು ಇಳಿಸಿದೆ. ಅವ್ವ ಬಲಗಾಲಿಟ್ಟು ಅದರ ಮೇಲೆ ಹತ್ತಿದಳು. ಅಲ್ಲಿಂದ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು. ಇಳಿದಳು.

"ಸಾಕು," ಎಂದಳು. "ತಗೊಂಡು ಹೋಗಿ ಇಟ್ಟು ಬಾ."

ಮತ್ತೆ ಸಿಂಬೆ ಇಟ್ಟುಕೊಂಡೆ. ಮತ್ತೆ ಹೊತ್ತೆ. ಶಾಲೆಗೆ ಬಂದು ಉಳಿದವುಗಳ ಜೊತೆ ಇಟ್ಟೆ. ಅದೇ ಇಟ್ಟಿಗೆ, ಶಾಲೆಯ ಗೋಡೆಗೇ. ಫಲಿತಾಂಶದ ದಿನ ಅದನ್ನು ನನ್ನಿಂದ ಕಿತ್ತುಕೊಂಡಿದ್ದರು, ಈ ದಿನ ನಾನೇ ಕೊಟ್ಟೆ. ಆ ದಿನದಷ್ಟು ಹಗುರವಾಗಿ ನಾನು ಮತ್ತೆಂದೂ ನಡೆದಿಲ್ಲ.

ಹಳೆಯ ಗೋಡೆಯನ್ನು ಇನ್ನು ಏರಿಸುವುದು ಬೇಡವೆಂದು ಊರು ತೀರ್ಮಾನಿಸಿತು. ಆ ಇಟ್ಟಿಗೆಗಳಿಂದ ಹೊಸ ಕೋಣೆ ಶುರುವಾಯಿತು. ಮೇಲಿನ ಬೀದಿಯ ಮೆಟ್ಟಿಲುಗಳು ಒಂದೊಂದಾಗಿ ಬಂದವು. ಎಲ್ಲವೂ ಬರಲಿಲ್ಲ, ಎರಡು ಮನೆಯವರು ಈಗಲೂ ಕೊಟ್ಟಿಲ್ಲ. ಕೊಡದಿದ್ದರೆ ಇರಲಿ. ಅಳತೆಯವರು ಈಗಲೂ ಬರುತ್ತಾರೆ, ಹಳೆಯ ಗೋಡೆಗೆ ಕೋಲು ಹಿಡಿದು ಏರಿಲ್ಲವಲ್ಲ ಎಂದು ತಲೆ ಕೆರೆದುಕೊಂಡು ಹೋಗುತ್ತಾರೆ. ಕೋಣೆ ಅಳೆಯುವ ಕೋಲು ಅವರ ಹತ್ತಿರ ಇಲ್ಲ. ಕೆಳಗಿನ ಬೀದಿಯವರು ಬಾಗಿಲಿಗೆ ಕೆರೆಯ ಕಲ್ಲು ಹಾಕಿಕೊಂಡೆವು, ನೀರು ಒಳಗೆ ಬರುವುದು ನಿಂತಿತು. ಅದನ್ನು ನೂರು ವರ್ಷದ ಹಿಂದೆಯೇ ಹಾಕಿಕೊಳ್ಳಬಹುದಿತ್ತು. ಮೆಟ್ಟಿಲು ಎಂದರೆ ಶಾಲೆಯ ಇಟ್ಟಿಗೆಯೇ ಆಗಬೇಕೆಂದು ನಾವೂ ನಂಬಿದ್ದೆವಲ್ಲ.

ಪರೀಕ್ಷೆ ಈಗಲೂ ಇದೆ. ಫೇಲಾಗುವವರೂ ಇದ್ದಾರೆ, ಮುಂದಿನ ವರ್ಷ ಮತ್ತೆ ಕೂರುತ್ತಾರೆ. ಆದರೆ ಗೋಡೆಗೆ ಬೇಕೆಂದು ಯಾರನ್ನೂ ಫೇಲು ಮಾಡುವುದಿಲ್ಲ. ಆರು ತುಂಬಿದ ಮಗುವಿನ ಇಟ್ಟಿಗೆ ಗೂಡಿನಿಂದ ನೇರ ಗೋಡೆಗೇ ಹೋಗುತ್ತದೆ.

ಮಣ್ಣು ಮೆತ್ತುವ ಕೆಲಸ ಈಗ ನನ್ನದು. ಅವಳೇ ಕಲಿಸಿದಳು. ಯಜಮಾನರೊಡನೆ ಮಾಡಿಕೊಂಡ ಆ ಬೆಳಗಿನ ಒಪ್ಪಂದವನ್ನೂ ಮಣ್ಣು ತುಳಿಯುತ್ತ ಅವಳೇ ಹೇಳಿದಳು, ಹೇಳಿ ನನ್ನ ಎರಡೂ ಕೈ ಹಿಡಿದುಕೊಂಡಳು. ಇಬ್ಬರ ಕೈಯೂ ಮಣ್ಣಾಗಿತ್ತು.

ಮೊನ್ನೆ ಹೊಸ ಕೋಣೆಯ ಗೋಡೆ ಮೆತ್ತುತ್ತಿದ್ದೆ. ಹೊಸದಾಗಿ ಸೇರಿದ ಒಬ್ಬಳು ಪುಟ್ಟಿ ಬಂದು ಕೇಳಿದಳು, "ಅಜ್ಜೀ, ಇದ್ರಲ್ಲಿ ಫೇಲಾದವ್ರದು ಯಾವ್ದು?"

"ನೀನೇ ಹುಡುಕು ಕಂದಾ," ಎಂದೆ.

ಅವಳು ಒಂದೊಂದು ಕೈಯ ಮೇಲೂ ತನ್ನ ಕೈ ಇಟ್ಟು ನೋಡುತ್ತ ಹೊರಟಳು. ಕೆಂಪು, ಬೂದು, ಬೂದು, ಕೆಂಪು. ನನ್ನದರ ಮೇಲೂ ಇಟ್ಟಳು. ಅವಳ ಕೈ ಅದಕ್ಕೆ ಸರಿಯಾಗಿ ಕೂತಿತು. ಗೊತ್ತಾಗದೆ, ಮುಂದೆ ಹೋದಳು.